ಕುಂಟ ಕುರಿಯೋ, ಪಾರಿವಾಳದ ಮರಿಯೋ?

ಎಲ್ಲರೂ ಮಲಾಕಿಯ 1ನೇ ಅಧ್ಯಾಯ ತೆಗೀರಿ, 8ನೇ ವಚನ. ಮೊಬೈಲಲ್ಲಿ ನೋಡೋರು ದಯವಿಟ್ಟು ವಾಟ್ಸಾಪ್ ಕಡೆ ಹೋಗ್ಬೇಡಿ.

ಕುರುಡು, ಕುಂಟು, ರೋಗ ಬಂದ ಪಶುಗಳನ್ನ ಯಜ್ಞಕ್ಕೆ ತರ್ತಿದ್ದ ಜನರನ್ನ ದೇವರು ಇಲ್ಲಿ ಗದರಿಸ್ತಾರೆ. ಇಂಥದ್ದನ್ನ ನಿಮ್ಮ ಅಧಿಪತಿಗೆ ಕೊಡೋ ಧೈರ್ಯ ನಿಮಗಿದೆಯಾ ಅಂತ ಕೇಳ್ತಾರೆ.

ಈ ತಿಂಗಳು ಈ ವಚನ ನನ್ನನ್ನ ಬಿಡ್ತಾನೇ ಇಲ್ಲ. ಕಾರಣ ಗಿಟಾರ್. ಮದುವೆಗೆ ಮುಂಚೆ ಸಂಡೇ ಸ್ಕೂಲಲ್ಲಿ ನುಡಿಸ್ತಿದ್ದೆ. ಮಕ್ಕಳಾದ ಮೇಲೆ ಅದು ಬೀರು ಮೇಲೆ ಹೋಯ್ತು, 14 ವರ್ಷ. ಈಗ ಮತ್ತೆ ಕಲೀತಿದ್ದೀನಿ. ತಂತಿ ಒತ್ತಿ ಒತ್ತಿ ಬೆರಳ ತುದಿ ದಡ್ಡುಗಟ್ಟಬೇಕು, ಬಿಟ್ಟರೆ ಆ ಗಟ್ಟಿತನ ಹೋಗಿಬಿಡುತ್ತೆ. ಜಿ, ಸಿ, ಡಿ ಎಲ್ಲಿ ಒತ್ತಬೇಕು ಅನ್ನೋದು ಬೆರಳಿಗೆ ನೆನಪಿದೆ, ಚರ್ಮಕ್ಕೆ ನೆನಪಿಲ್ಲ. ಎಫ್ ಬಂದಾಗಂತೂ, ತೋರುಬೆರಳನ್ನ ಅಡ್ಡ ಮಲಗಿಸಿ ಆರೂ ತಂತಿ ಹಿಡೀಬೇಕಲ್ಲ, ಬರೀ ಟಪ್ ಟಪ್ ಅನ್ನುತ್ತೆ. ನಗ್ಬೇಡಿ.

ಅದೂ ಡಿಸೆಂಬರ್‌ನಲ್ಲಿ! ಕ್ಯಾರಲ್ ರೌಂಡ್ಸ್‌ಗೆ ಬರೋರಿಗೆ ಕಾಫಿ, ಕಲ್‌ಕಲ್ ಕರಿಯೋದು, ಮಗನ ಟೆಸ್ಟು, ಚಳಿಗೆ ಅತ್ತೆಯವರ ಮಂಡಿನೋವು, ಆಫೀಸಲ್ಲಿ ವರ್ಷದ ಕೊನೆಯ ಕೆಲಸ. ಇದೆಲ್ಲ ಮುಗಿದ ಮೇಲೆ ರಾತ್ರಿ 10 ಗಂಟೆಗೆ ನನಗೆ ಸಿಗೋದು 20 ನಿಮಿಷ. ನನ್ನ ಪ್ರಶ್ನೆ ಇಷ್ಟೇ: ಅರ್ಧಂಬರ್ಧ ಬರೋ ಈ ಗಿಟಾರನ್ನ ದೇವರ ಮುಂದೆ ತಂದ್ರೆ ಅದು ಕುಂಟ ಕುರಿ ಅಲ್ವಾ?

ಸುಲಭದ ಉತ್ತರ ನಮಗೆಲ್ಲ ಬಾಯಿಪಾಠ. ಮನುಷ್ಯರು ಹೊರಗಿನದ್ದು ನೋಡ್ತಾರೆ, ದೇವರು ಹೃದಯ ನೋಡ್ತಾರೆ. 1 ಸಮುವೇಲ 16:7. ಆಮೆನ್. ಆದ್ರೆ ಅದೇ ಅಧ್ಯಾಯದ 18ನೇ ವಚನದವರೆಗೂ ಓದಿ. ಸೌಲನ ಸೇವಕ ಅದೇ ದಾವೀದನನ್ನ ಶಿಫಾರಸು ಮಾಡುವಾಗ ಮೊದಲು ಹೇಳೋದೇ ಅವನು ಕಿನ್ನರಿ ನುಡಿಸೋದ್ರಲ್ಲಿ ಜಾಣ ಅಂತ. ಹೃದಯ ನೋಡಿ ಆರಿಸಿದವನ ಕೈ ಸುಮ್ಮನೆ ಕೂತಿರಲಿಲ್ಲ. ಕುರಿ ಕಾಯ್ತಾ ಎಷ್ಟು ಅಭ್ಯಾಸ ಮಾಡಿದ್ನೋ! ದೇವಾಲಯದ ಸೇವೆಗೆ ಅಂತ ದಾವೀದ ಮುಂದೆ ನೇಮಿಸಿದ ಹಾಡುಗಾರರು 288 ಜನ. 24 ವರ್ಗ, ಒಂದೊಂದರಲ್ಲಿ 12. ಎಲ್ಲರೂ ಕಲಿತವರು. ಅಭಿಷೇಕ ಇದ್ದರೆ ರಿಹರ್ಸಲ್ ಬೇಡ ಅನ್ನೋದು ಬೈಬಲಿನ ಮಾತಲ್ಲ, ಅದು ನಮ್ಮ ಸೋಮಾರಿತನದ ಮಾತು.

ಹಾಗಾದ್ರೆ ನಾನು ಗಿಟಾರನ್ನ ಮತ್ತೆ ಬೀರು ಮೇಲೆ ಇಡಬೇಕಾ? ಇಲ್ಲ. ಮಲಾಕಿಯ 14ನೇ ವಚನಕ್ಕೆ ಬನ್ನಿ. ಅಲ್ಲಿ ಶಾಪ ಯಾರಿಗೆ? ಹಿಂಡಿನಲ್ಲಿ ಒಳ್ಳೇ ಗಂಡು ಪಶು ಇದ್ದೂ, ಅದನ್ನೇ ಹರಕೆ ಹೊತ್ತು, ಕಳಂಕ ಇರೋದನ್ನ ತಂದವನಿಗೆ. ಮೋಸ ಇರೋದು ಕುಂಟು ಕಾಲಲ್ಲಿ ಅಲ್ಲ, ಒಳ್ಳೇದನ್ನ ಬಚ್ಚಿಟ್ಟಿದ್ದರಲ್ಲಿ. ಕುರಿ ತರೋ ಶಕ್ತಿ ಇಲ್ಲದವಳಿಗೆ ಯಾಜಕಕಾಂಡ 12:8 ಎರಡು ಬೆಳವಕ್ಕಿ, ಇಲ್ಲಾಂದ್ರೆ ಎರಡು ಪಾರಿವಾಳದ ಮರಿ ಸಾಕು ಅನ್ನುತ್ತೆ. ಈ ಬಡವರ ಕಾಣಿಕೆ ತಂದವರು ಯಾರು ಗೊತ್ತಾ? ಲೂಕ 2:24. ಮರಿಯಳು, ಯೋಸೇಫ. ದೇವರ ಮಗನನ್ನೇ ಎತ್ತಿಕೊಂಡು ಬಂದವರ ಕೈಯಲ್ಲಿ ಒಂದು ಕುರಿ ಇರಲಿಲ್ಲ. ಕ್ರಿಸ್ಮಸ್ ಅಂದ್ರೆ ಗೋದಲಿ, ನಕ್ಷತ್ರ ಅಂತ ಹಾಡ್ತೀವಿ, ಈ ಪಾರಿವಾಳದ ಮರಿಗಳ ಬಗ್ಗೆ ಯಾರೂ ಹಾಡಲ್ಲ.

ಅಂದ್ರೆ ಪ್ರತಿಯೊಬ್ಬರೂ ನೋಡ್ಕೊಳ್ಬೇಕಾದ್ದು ತಮ್ಮ ಹಿಂಡು. ನನ್ನ ಹಿಂಡಿನಲ್ಲಿ ಆ 20 ನಿಮಿಷ ಇದೆ, ಅದು ಪಾರಿವಾಳದ ಮರಿ. ನಿಮ್ಮಲ್ಲಿ ಕೆಲವರು ಪಿಜಿಯಲ್ಲಿದ್ದೀರಿ, ಶನಿವಾರ ರಜೆ, ರೀಲ್ಸ್‌ಗೆ ದಿನಕ್ಕೆ ಎರಡು ಗಂಟೆ. ತಮ್ಮಾ, ನಿನ್ನ ಹತ್ರ ಟಗರಿದೆ. ಭಾನುವಾರ ಬೆಳಿಗ್ಗೆ ಬಂದು ಟ್ಯೂನ್ ಮಾಡಿ, ದೇವರು ಹೃದಯ ನೋಡ್ತಾರೆ ಬಿಡಿ ಅಕ್ಕಾ ಅನ್ನಬೇಡ.

ಒಬ್ಬ ತಂಗಿ ಕೇಳಿದಳು, ಆ ಹೊತ್ತಲ್ಲಿ ಪ್ರಾರ್ಥನೆ ಮಾಡಬಹುದಿತ್ತಲ್ಲ ಅಕ್ಕಾ ಅಂತ. ಎಲೀಷನು ಮೊದಲು ವಾದ್ಯ ನುಡಿಸುವವನನ್ನ ಕರೆಸಿದ, ಆಮೇಲೆ ಕರ್ತನ ಹಸ್ತ ಅವನ ಮೇಲೆ ಬಂತು. ಅದಕ್ಕೆ ನಾನು ಈ ಎರಡನ್ನ ಎದುರುಬದುರು ನಿಲ್ಲಿಸಲ್ಲ. ನನ್ನನ್ನ ಚುಚ್ಚೋ ಪ್ರಶ್ನೆ ಬೇರೆ: ಆ ಸಮಯ ಯಾರ ಪಾಲಿನದು? ಮಾರ್ಕ 7ರಲ್ಲಿ ಯೇಸು ಕೊರ್ಬಾನ್ ಬಗ್ಗೆ ಮಾತಾಡ್ತಾರೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನ ದೇವರಿಗೆ ಕೊಟ್ಟಾಯ್ತು ಅಂತ ಹೇಳಿ ತಪ್ಪಿಸಿಕೊಳ್ಳೋದು. ಅತ್ತೆಯವರ ಮಂಡಿಗೆ ಎಣ್ಣೆ ಹಚ್ಚದೆ ನಾನು ಆರಾಧನೆಯ ಹಾಡು ಅಭ್ಯಾಸ ಮಾಡಿದರೆ ಅದು ಕೊರ್ಬಾನ್. ಅದಕ್ಕೇ ಮೊದಲು ಎಣ್ಣೆ, ಆಮೇಲೆ ಗಿಟಾರ್. ಕೆಲವು ರಾತ್ರಿ ಎಣ್ಣೆ ಮಾತ್ರ. ಆ ರಾತ್ರಿಗಳಲ್ಲಿ ನನಗೆ ಬೇಜಾರಾಗುತ್ತೆ, ಸುಳ್ಳು ಹೇಳಲ್ಲ.

ಮಗಳಿಗೆ ನನಗಿಂತ ಚೆನ್ನಾಗಿ ಬರುತ್ತೆ. ಅಮ್ಮಾ, ಮಣಿಕಟ್ಟು ಇಳಿಸು ಅಂತ ನನ್ನ ಕೈ ತಿದ್ದುತ್ತಾಳೆ. ಆ 288 ಜನರಲ್ಲಿ ಗುರು, ಶಿಷ್ಯ, ದೊಡ್ಡವ, ಚಿಕ್ಕವ ಅಂತ ನೋಡದೆ ಎಲ್ಲರೂ ಒಂದೇ ಚೀಟಿಗೆ ಕಾದರು ಅಂತ 1 ಪೂರ್ವಕಾಲವೃತ್ತಾಂತ 25:8 ಹೇಳುತ್ತೆ. ನಮ್ಮ ಮನೇಲಿ ಗುರುವಿಗೆ 12 ವರ್ಷ.

31ರ ರಾತ್ರಿ ಆರಾಧನೆಗೆ ಒಬ್ಬ ಗಿಟಾರಿಸ್ಟ್ ಕಡಿಮೆ ಇದ್ದಾನೆ, ನೀವು ಬನ್ನಿ ಅಂತ ಟೀಮ್ ಲೀಡರ್ ಕೇಳಿದರು. ಬರಲ್ಲ ಅಂದೆ. ಸಭೆಯನ್ನ ನಡೆಸೋಕೆ ಕಲಿತ ಕೈ ಬೇಕು, ನನ್ನದಿನ್ನೂ ಆಗಿಲ್ಲ. ಬುಧವಾರ ನಮ್ಮ ಮನೆ ಪ್ರಾರ್ಥನೆಗೆ ಬನ್ನಿ, ಅಲ್ಲಿ ಮೂರೇ ಕಾರ್ಡಿನ ಹಾಡು ನುಡಿಸ್ತೀನಿ. ಎಫ್ ಇಲ್ಲದ ಹಾಡು.

ಎಲ್ಲರೂ ಎದ್ದು ನಿಂತ್ಕೊಳ್ಳಿ, ಪ್ರಾರ್ಥನೆ ಮಾಡೋಣ. ತಮ್ಮಾ, ಜಿ ಕೊಡಪ್ಪ.