ಮಕ್ಕಳ ವಿಶ್ವಾಸಕ್ಕೆ ನಮ್ಮ ಮನೆಯ ಒಂದು ಹಿಡಿ



ಕಮಲಾಪುರ ಎಂದೊಡನೆ ನಮಗೆ ನೆನಪಾಗುವುದು ಕೆಂಪು ಬಾಳೆಹಣ್ಣು. ಬೇರೆ ಬಾಳೆಗಳಿಗಿಂತ ಅದು ಫಲ ಕೊಡಲು ಹೆಚ್ಚು ಕಾಲ ಬೇಕು. ಅಷ್ಟು ದಿನವೂ ರೈತ ನೀರು ಹಾಯಿಸಬೇಕು, ಗೊಬ್ಬರ ಕೊಡಬೇಕು, ಗಾಳಿಗೆ ಬೀಳದಂತೆ ಗಿಡಕ್ಕೆ ಆಸರೆ ನಿಲ್ಲಿಸಬೇಕು. ಸಸಿ ನೆಟ್ಟು ಮರೆತು, ಗೊನೆ ಕಡಿಯಲು ಮಾತ್ರ ಬರುವ ರೈತನನ್ನು ನೀವು ಕಂಡಿದ್ದೀರಾ?

ಮಕ್ಕಳ ವಿಶ್ವಾಸದ ವಿಷಯದಲ್ಲಿ ನಾವು ಅಂಥ ರೈತರಾಗುತ್ತಿದ್ದೇವೆ. ಮಗುವಿಗೆ ದೀಕ್ಷಾಸ್ನಾನ ಕೊಡಿಸುತ್ತೇವೆ. ಮೊದಲ ಪರಮಪ್ರಸಾದದ ದಿನ ಹೊಸ ಬಟ್ಟೆ ತೊಡಿಸಿ, ಬಂಧುಗಳಿಗೆ ಊಟ ಹಾಕುತ್ತೇವೆ. ಮುಂದೆ ಅದೇ ಮಗು ಹಳ್ಳಿ ಬಿಟ್ಟು ಕಲಬುರಗಿಯ ಕಾಲೇಜು ಸೇರುತ್ತದೆ. ಫೀಸು, ರೂಮಿನ ಬಾಡಿಗೆ, ಮೆಸ್ಸಿನ ಹಣ, ಎಲ್ಲವನ್ನೂ ಸಾಲ ಮಾಡಿಯಾದರೂ ಹೊಂದಿಸುತ್ತೇವೆ. ಆದರೆ ಎರಡು ವಿಷಯಗಳಲ್ಲಿ ಫೇಲಾಗಿ, ಮನೆಗೆ ಹೇಳುವ ಧೈರ್ಯವಿಲ್ಲದೆ, ಬಾಗಿಲು ಹಾಕಿಕೊಂಡು ಕುಳಿತ ಆ ರಾತ್ರಿ ಅವನ ಬಾಗಿಲು ತಟ್ಟುವವರು ಯಾರು? 'ಊಟ ಮಾಡಿದೆಯಾ ಮಗನೇ?' ಎಂದು ಕೇಳುವವರು ಯಾರು?

ಧರ್ಮಸಭೆ ಈ ಪ್ರಶ್ನೆಯನ್ನು ಮರೆತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 813ನೆಯ ನಿಯಮವು, ಧರ್ಮಾಧ್ಯಕ್ಷರು ವಿದ್ಯಾರ್ಥಿಗಳ ಪಾಲನೆಗೆಂದು ಗುರುಗಳನ್ನು ನೇಮಿಸಬೇಕು, ಕಥೋಲಿಕೇತರ ವಿಶ್ವವಿದ್ಯಾಲಯಗಳಲ್ಲಿಯೂ ಅವರಿಗೆ ಆತ್ಮಿಕ ನೆರವು ಸಿಗುವಂತೆ ಮಾಡಬೇಕು ಎನ್ನುತ್ತದೆ. ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ಇಲ್ಲಿ ನಮ್ಮ ಕುಟುಂಬಗಳು ಕೆಲವೇ, ಅವೂ ದೂರದೂರ. ಓದಲು ಬರುವ ಮಕ್ಕಳಾದರೋ 1980ರಲ್ಲಿ ಆರಂಭವಾದ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ, 2009ರಲ್ಲಿ ಸ್ಥಾಪನೆಯಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ನಗರದ ಹತ್ತಾರು ಕಾಲೇಜುಗಳಲ್ಲಿ ಹಂಚಿಹೋಗುತ್ತಾರೆ. ಅವರನ್ನು ಹುಡುಕಿಕೊಂಡು ಹೋಗುವವರಿಗೆ ಬಸ್ಸಿನ ಖರ್ಚಿದೆ. ಕೂಡಿ ಕುಳಿತುಕೊಳ್ಳಲು ಒಂದು ಕೋಣೆ ಬೇಕು, ನಾಲ್ಕು ಪುಸ್ತಕ ಬೇಕು. ಧರ್ಮೋಪದೇಶ ಹೇಳಿಕೊಡುವ ಸಹೋದರಿಗೂ ಹೊಟ್ಟೆಯಿದೆ, ಮನೆಯಿದೆ.

ಈ ಹಣವನ್ನು ಸರ್ಕಾರ ಕೊಡುವುದಿಲ್ಲ, ಕೊಡಬೇಕೆಂದು ನಾವು ಕೇಳುವುದೂ ಸರಿಯಲ್ಲ. ನಮ್ಮ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಿಂದಲೇ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. 27ನೆಯ ವಿಧಿಯಂತೆ, ಯಾವುದೇ ಒಂದು ಧರ್ಮವನ್ನು ಬೆಳೆಸುವುದಕ್ಕೆಂದು ಯಾರಿಂದಲೂ ಬಲವಂತವಾಗಿ ತೆರಿಗೆ ಪಡೆಯುವಂತಿಲ್ಲ. ಇದು ನ್ಯಾಯವೇ. ನಮ್ಮ ಮಕ್ಕಳ ವಿಶ್ವಾಸವನ್ನು ಪೋಷಿಸುವ ಭಾರ ನಮ್ಮದೇ ಹೆಗಲಿಗೆ ಸೇರಿದ್ದು.

'ಬಡವರಾದ ನಮ್ಮಿಂದ ಏನಾದೀತು?' ಎನ್ನುವಿರಾ? ಸಂತ ಚಾವರ ಕುರಿಯಾಕೋಸ್ ಎಲಿಯಾಸರನ್ನು ನೆನೆಯಿರಿ. ಕೇರಳದಲ್ಲಿ 1864ರಲ್ಲಿ, ಪ್ರತಿ ದೇವಾಲಯದ ಜೊತೆಗೂ ಶಾಲೆ ಇರಬೇಕೆಂದು ಅವರು ಆಜ್ಞೆ ಮಾಡಿದರು. ಬಡ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅವರು ಹುಡುಕಿದ್ದು ಸಾಹುಕಾರರನ್ನಲ್ಲ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವಂತೆ ಮನೆಮನೆಯ ತಾಯಂದಿರಿಗೆ ಹೇಳಿದರು. ನಮ್ಮ ನಾಡಿಗೂ ಇದು ಹೊಸತಲ್ಲ. ಕಾಯಕ, ದಾಸೋಹ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ಕಲಬುರಗಿಯವರಿಗೆ ಹಂಚಿ ಉಣ್ಣುವುದನ್ನು ಹೊರಗಿನವರು ಬಂದು ಕಲಿಸಬೇಕೇ? ಕಾಣಿಕೆ ಪೆಟ್ಟಿಗೆಯ ಎದುರು ಕುಳಿತ ಯೇಸುಸ್ವಾಮಿ ಮೆಚ್ಚಿದ್ದು ಬಡ ವಿಧವೆಯ ಎರಡು ಕಾಸನ್ನು ಎಂಬುದನ್ನು ಸಂತ ಮಾರ್ಕರ ಶುಭಸಂದೇಶದಲ್ಲಿ ಓದಿದ್ದೇವಲ್ಲ!

ಆದರೆ ಕೊಡುವವರೂ ಪಡೆಯುವವರೂ ಎರಡು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು. ಧರ್ಮಸಭೆಯ 1267ನೆಯ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳ ಧರ್ಮೋಪದೇಶಕ್ಕೆ ಬಂದ ಹಣ ಕಾಂಪೌಂಡ್ ಗೋಡೆಗೆ ಹೋಗಬಾರದು. ಲೆಕ್ಕವನ್ನು ಜನರ ಮುಂದೆ ಓದಿದರೆ ಕೊಡುವ ಕೈ ಹಿಂಜರಿಯುವುದಿಲ್ಲ. ಎರಡನೆಯದು, ಈ ಹಣ ಆಮಿಷವಾಗಬಾರದು. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅನ್ಯಧರ್ಮದ ವಿದ್ಯಾರ್ಥಿ ದುಃಖ ಹೇಳಿಕೊಳ್ಳಲು ಬಂದರೆ ಅವನ ಮಾತನ್ನು ಕೇಳೋಣ, ಕಣ್ಣೀರು ಒರೆಸೋಣ. ಪ್ರತಿಯಾಗಿ ಏನನ್ನೂ ಬಯಸದಿರೋಣ. ಗಾಯಗೊಂಡವನನ್ನು ಎತ್ತಿಕೊಂಡ ಸಮಾರಿಯದವನು ಅವನ ಧರ್ಮ ಯಾವುದೆಂದು ಕೇಳಲಿಲ್ಲ. ವಸತಿಗೃಹದ ಖರ್ಚನ್ನು ಮಾತ್ರ ತಾನೇ ಕೊಟ್ಟ.

ಪ್ರಿಯರೇ, ಈ ವಾರ ನಿಮ್ಮ ಮನೆಯ ದೇವರ ಪೀಠದ ಬಳಿ ಒಂದು ಡಬ್ಬಿ ಇಡಿ. ರಾತ್ರಿ ಜಪಸರ ಮುಗಿದ ಮೇಲೆ ಮಕ್ಕಳ ಕೈಯಿಂದಲೇ ಒಂದೆರಡು ರೂಪಾಯಿ ಹಾಕಿಸಿ. ತಿಂಗಳ ಕೊನೆಗೆ ಅದನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಕೈಗಿತ್ತು, 'ಸ್ವಾಮಿ, ಇದು ಓದುವ ಮಕ್ಕಳಿಗೆ' ಎಂದು ಹೇಳಿ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರು ಇಲ್ಲದಿರಬಹುದು. ಆದರೂ ಯಾವುದೋ ತಾಯಿಯ ಮಗ ಇಂದು ರಾತ್ರಿ ನಗರದ ಒಂದು ಕೋಣೆಯಲ್ಲಿ ಒಂಟಿಯಾಗಿ ಕುಳಿತಿದ್ದಾನೆ. ಅವನ ಬಾಗಿಲು ತಟ್ಟುವ ಕೈಗೆ ನಿಮ್ಮ ಒಂದು ಹಿಡಿ ಬಲವಾಗಲಿ.

ಪ್ರಭು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೆನ್.