ಮರುಕಳಿಸುವ ತಪ್ಪಿಗೆ ಮದ್ದೇನು?

ಮಾಡಬಾರದೆಂದು ಗೊತ್ತಿದ್ದೂ, ಇನ್ನು ಮಾಡುವುದಿಲ್ಲವೆಂದು ನಿಶ್ಚಯಿಸಿದ ಮೇಲೂ ಅದೇ ತಪ್ಪು ಮತ್ತೆ ಮತ್ತೆ ಮನುಷ್ಯನಿಂದ ಆಗಿಬಿಡುವುದೇಕೆ? ಒಮ್ಮೆ ಎಡವಿದವನನ್ನು ಜನ ಕ್ಷಮಿಸುತ್ತಾರೆ. ಅದೇ ಕಲ್ಲಿಗೆ ನಾಲ್ಕನೆಯ ಸಲ ಎಡವಿದವನನ್ನು ಏನೆನ್ನಬೇಕು? ಅವನು ಕೆಟ್ಟವನೇ? ದುರ್ಬಲನೇ? ಅಥವಾ ಅವನನ್ನು ತಿದ್ದುವ ರೀತಿಯಲ್ಲೇ ಏನಾದರೂ ದೋಷವಿದೆಯೇ?

ಪ್ರಿಯ ಓದುಗರೇ, ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಆಟದ ಮೈದಾನಕ್ಕೆ ಹೋಗೋಣ. ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಆಗುವ ತಪ್ಪುಗಳನ್ನು ಯಾರೂ ಲೆಕ್ಕ ಬರೆದಿಡುವುದಿಲ್ಲ. ಆಟದಲ್ಲಾದರೋ ಪ್ರತಿಯೊಂದು ತಪ್ಪೂ ಸಾವಿರಾರು ಕಣ್ಣುಗಳ ಮುಂದೆ ನಡೆಯುತ್ತದೆ, ಎಣಿಕೆಗೂ ಸಿಗುತ್ತದೆ.

ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಂತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಸಂಗಡಿಗನಿಗೆ ಎಸೆಯಬೇಕು. ಒಂದೊಂದು ಕಡೆ ಹನ್ನೊಂದು ಮಂದಿ, ನೂರು ಗಜದ ಮೈದಾನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಇಲ್ಲಿ ತಂಡವನ್ನು ಕಾಡುವ ರೋಗಗಳು ಎರಡು. ಒಂದು, ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು. ಓಡುವವನ ಕೈಯಿಂದ ಚೆಂಡು ಜಾರಿದರೆ ಅದು ಫಂಬಲ್. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್ಸೆಪ್ಷನ್. ಇನ್ನೊಂದು, ನಿಯಮ ಮುರಿದು ಪೆನಾಲ್ಟಿ ತೆರುವುದು. ತೀರ್ಪುಗಾರ ಹಳದಿ ಬಟ್ಟೆ ಎಸೆದನೆಂದರೆ ತಂಡ ಐದೋ ಹತ್ತೋ ಹದಿನೈದೋ ಗಜ ಹಿಂದೆ ಸರಿಯಬೇಕು. ಬೆವರು ಸುರಿಸಿ ಗಳಿಸಿದ್ದು ಒಂದು ಕ್ಷಣದಲ್ಲಿ ಹೋಗುತ್ತದೆ.

ಈಗ ಯೋಚಿಸಿರಿ. ಚೆಂಡನ್ನು ಯಾರೂ ಬೇಕೆಂದು ಬೀಳಿಸುವುದಿಲ್ಲ. ನೂರಾರು ಪೌಂಡು ತೂಕದ ಎದುರಾಳಿ ಬಂದು ಅಪ್ಪಳಿಸಿದಾಗ ಕೈ ಸಡಿಲವಾಗುತ್ತದೆ, ಚೆಂಡು ಜಾರುತ್ತದೆ. ಉದ್ದೇಶವೇ ಇಲ್ಲದ ಕೃತ್ಯಕ್ಕೆ ಮನುಷ್ಯನನ್ನು ಹೊಣೆ ಮಾಡುವುದು ನ್ಯಾಯವೇ? 'ನಾನು ಬೇಕೆಂದು ಮಾಡಲಿಲ್ಲ' ಎಂಬ ಮಾತನ್ನು ನಾವೆಲ್ಲರೂ ಎಷ್ಟು ಸಲ ಹೇಳಿಲ್ಲ!

ಈ ಪ್ರಶ್ನೆ ಹೊಸದಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೆ ಒಂದು ಕಲ್ಲಿನ ಉದಾಹರಣೆ ಕೊಟ್ಟಿದ್ದಾನೆ. ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು. ಆದರೆ ಎಸೆಯುವುದೋ ಬಿಡುವುದೋ ಎಂಬುದು ಎಸೆದವನ ವಶದಲ್ಲಿಯೇ ಇತ್ತು. ಸ್ವಭಾವವೂ ಹಾಗೆಯೇ. ಇಂದು ಅದು ನಮ್ಮ ಮಾತು ಕೇಳದಿರಬಹುದು. ಅದು ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ನಮ್ಮ ಕೈಯಲ್ಲೇ ಇತ್ತು. ಅಂದರೆ ಚೆಂಡು ಜಾರಿದ ಕ್ಷಣಕ್ಕೆ ಆಟಗಾರ ಹೊಣೆಯಲ್ಲದಿರಬಹುದು. ಆದರೆ ಆ ಕ್ಷಣಕ್ಕೆ ಮುಂಚೆ ನೂರು ದಿನ ಚೆಂಡನ್ನು ಸಡಿಲವಾಗಿ ಹಿಡಿದು ಓಡಿದ್ದಕ್ಕೆ ಹೊಣೆಯೇ.

ನ್ಯೂಯಾರ್ಕ್ ಜಯಂಟ್ಸ್ ತಂಡದ ಟೀಕಿ ಬಾರ್ಬರ್ ಅವರ ಕಥೆ ಇದಕ್ಕೊಂದು ಸಾಕ್ಷಿ. ಬಹಳ ಪ್ರತಿಭಾವಂತ ಓಟಗಾರರು. ಆದರೆ 2000ದಿಂದ 2003ರವರೆಗಿನ ನಾಲ್ಕು ಋತುಗಳಲ್ಲಿ ಅವರ ಕೈಯಿಂದ ಚೆಂಡು ಜಾರಿದ್ದು 35 ಬಾರಿ. ಪ್ರೇಕ್ಷಕರ ಮೂದಲಿಕೆ, ಪತ್ರಿಕೆಗಳ ಟೀಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಅಷ್ಟೆಲ್ಲ ಅವಮಾನದಿಂದ ಗುಣವಾಗುವ ರೋಗವಾಗಿದ್ದರೆ ಅದು ಮೊದಲ ವರ್ಷವೇ ಗುಣವಾಗಬೇಕಿತ್ತು. 2004ರಲ್ಲಿ ಟಾಮ್ ಕಾಫ್ಲಿನ್ ಎಂಬ ಶಿಸ್ತಿನ ತರಬೇತುದಾರರು ತಂಡಕ್ಕೆ ಬಂದರು. ಅವರೂ ಅವರ ಸಹಾಯಕರೂ ನೋಡಿದ್ದು ಬಾರ್ಬರ್ ಅವರ ಚಾರಿತ್ರ್ಯವನ್ನಲ್ಲ, ಮೊಣಕೈಯನ್ನು! ಓಡುವಾಗ ಚೆಂಡು ಮೈಯಿಂದ ದೂರವಾಗಿ, ಕೆಳಗೆ ತೂಗಾಡುತ್ತಿತ್ತು. ಅದನ್ನು ಮೇಲಕ್ಕೆತ್ತಿ, ಎದೆಗೆ ಒತ್ತಿ, ಮಣಿಕಟ್ಟು ಮೊಣಕೈಗಿಂತ ಮೇಲಿರುವಂತೆ ಹಿಡಿಯುವುದನ್ನು ಕಲಿಸಲಾಯಿತು. ಬೆರಳು, ಅಂಗೈ, ಮುಂಗೈ, ತೋಳು, ಎದೆ, ಹೀಗೆ ಐದು ಕಡೆ ಚೆಂಡು ಮೈಗೆ ತಾಗಿರಬೇಕು ಎಂಬುದು ಈ ಆಟದ ಪಾಠ. ಅದೇ ಹಿಡಿತ, ದಿನವೂ, ಪ್ರತಿ ಓಟದಲ್ಲೂ. ಮುಂದಿನ ಮೂರು ಋತುಗಳಲ್ಲಿ ಒಟ್ಟು ಚೆಂಡು ಜಾರಿದ್ದು 9 ಬಾರಿ ಮಾತ್ರ. 2005ರಲ್ಲಿ ಅವರು 1,860 ಗಜ ಓಡಿದರು; ಆ ವರ್ಷವಿಡೀ ಚೆಂಡು ಕೈ ತಪ್ಪಿದ್ದು ಒಂದೇ ಒಂದು ಸಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಗ ಬಾರ್ಬರ್ ಅವರಿಗೆ ವಯಸ್ಸು 29. ಆ ವಯಸ್ಸಿಗೆ ಹಳೆಯ ಅಭ್ಯಾಸ ಬೇರೂರಿರುತ್ತದೆ. 'ನನ್ನ ಸ್ವಭಾವವೇ ಹೀಗೆ' ಎಂದು ಕೂತುಬಿಡಬಹುದಿತ್ತು. ಆದರೆ ಹೆಸರಾಂತ ಆಟಗಾರರೊಬ್ಬರು ಚೆಂಡನ್ನು ಹಿಡಿಯುವುದು ಹೇಗೆ ಎಂಬ ಮಗುವಿನ ಪಾಠಕ್ಕೆ ಮರಳಿದರು. ಅಷ್ಟು ವಿನಯವಿಲ್ಲದೆ ಯಾವ ತಿದ್ದುಪಡಿಯೂ ಸಾಧ್ಯವಿಲ್ಲ. ಇಮಾಮ್ ಗಝಾಲಿಯವರು ಇಹ್ಯಾದಲ್ಲಿ ಮನಸ್ಸಿನ ಸಂಸ್ಕರಣೆಯ ಕುರಿತು ಹೇಳುವಾಗ ಸುಂದರ ಬರವಣಿಗೆ ಕಲಿಯುವವನನ್ನು ಉದಾಹರಿಸುತ್ತಾರೆ. ಅವನು ಮೊದಲು ಪ್ರಯಾಸಪಟ್ಟು ನುರಿತವರ ಅಕ್ಷರವನ್ನು ಅನುಕರಿಸುತ್ತಾನೆ. ಬರೆಯುತ್ತ ಬರೆಯುತ್ತ ಅದೇ ಅವನ ಸಹಜ ಗುಣವಾಗುತ್ತದೆ. ಒಳಗಿನ ಗುಣ ಬದಲಾಗಲಿ, ಆಮೇಲೆ ಕೃತ್ಯ ಸರಿಯಾಗುತ್ತದೆ ಎಂದು ಕಾಯುವವನು ಕಾಯುತ್ತಲೇ ಇರುತ್ತಾನೆ. ಸರಿಯಾದ ಕೃತ್ಯವನ್ನು ಬಲವಂತದಿಂದಲಾದರೂ ಆರಂಭಿಸಿದವನಿಗೆ ಗುಣ ತಾನಾಗಿ ಜೊತೆಗೂಡುತ್ತದೆ.

ಇನ್ನು ಎರಡನೆಯ ರೋಗವಾದ ಪೆನಾಲ್ಟಿಯ ವಿಷಯ. 2011ರ ಋತುವಿನಲ್ಲಿ ಅಂದಿನ ಓಕ್‌ಲ್ಯಾಂಡ್ ರೈಡರ್ಸ್ ತಂಡ 163 ಪೆನಾಲ್ಟಿಗಳನ್ನು ತೆತ್ತಿತು. ಕಳೆದುಕೊಂಡದ್ದು 1,358 ಗಜ. ಹದಿಮೂರೂವರೆ ಮೈದಾನಗಳಷ್ಟು ದೂರ! ಅಂದಿನವರೆಗೆ ಯಾವ ತಂಡವೂ ಒಂದು ಋತುವಿನಲ್ಲಿ ಅಷ್ಟು ತೆತ್ತಿರಲಿಲ್ಲ. ಇಂಥ ತಂಡಕ್ಕೆ 'ಶಿಸ್ತಿಲ್ಲ' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಪೆನಾಲ್ಟಿಗಳೆಲ್ಲ ಒಂದೇ ಜಾತಿಯವಲ್ಲ.

ಆಟ ಶುರುವಾಗುವ ಮೊದಲೇ ಮಿಸುಕಿದವನಿಗೆ ಐದು ಗಜ ದಂಡ. ಇದು ಆತುರದ, ಗಮನ ತಪ್ಪಿದ ತಪ್ಪು. ಎದುರಾಳಿಯನ್ನು ಅಕ್ರಮವಾಗಿ ಹಿಡಿದೆಳೆದವನಿಗೆ ಹತ್ತು ಗಜ. ಇದೇಕಾಗುತ್ತದೆ ಗೊತ್ತೇ? ಎದುರಾಳಿಯನ್ನು ತಡೆಯಬೇಕಾದವನ ಕಾಲು ಒಂದು ಹೆಜ್ಜೆ ತಡವಾಗಿ ಬಿದ್ದಿರುತ್ತದೆ. ಅವನು ದಾಟಿಹೋಗುತ್ತಿದ್ದಾನೆ ಎಂದಾಗ ಕೈ ತಾನಾಗಿ ಅಂಗಿಗೆ ಹೋಗುತ್ತದೆ. ಕಾಲು ಸೋತಲ್ಲಿ ಕೈ ತಪ್ಪು ಮಾಡುತ್ತದೆ. ಆದ್ದರಿಂದ ಬಲ್ಲ ತರಬೇತುದಾರ ಕೈಯನ್ನು ಬೈಯುವುದಿಲ್ಲ, ಕಾಲಿಗೆ ಪಾಠ ಹೇಳುತ್ತಾನೆ. ಮೂರನೆಯದು, ಸೀಟಿ ಊದಿದ ಮೇಲೆ ಹೊಡೆಯುವುದು, ತಳ್ಳುವುದು, ಜಗಳಕ್ಕಿಳಿಯುವುದು. ಇದಕ್ಕೆ ಹದಿನೈದು ಗಜ. ಇದು ಕೋಪದ ತಪ್ಪು. ಮೂರಕ್ಕೂ ಒಂದೇ ಔಷಧಿ ಕೊಡುವವನು ವೈದ್ಯನಲ್ಲ. ನಮ್ಮ ಬದುಕಿನಲ್ಲೂ ಸುಳ್ಳು ಹೇಳುವ ಮಗನಿಗೆ ನಾಲಿಗೆಯ ರೋಗವೋ ಭಯದ ರೋಗವೋ ಎಂದು ಎಷ್ಟು ತಂದೆಯಂದಿರು ವಿಚಾರಿಸುತ್ತಾರೆ?

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು. 2013ರ ಋತುವಿನಲ್ಲಿ ಅತಿ ಹೆಚ್ಚು ಪೆನಾಲ್ಟಿ ತೆತ್ತ ತಂಡ ಸಿಯಾಟಲ್ ಸೀಹಾಕ್ಸ್. ಅದೇ ತಂಡ ಆ ವರ್ಷದ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು 43-8ರಿಂದ ಗೆದ್ದಿತು! ಹಾಗಾದರೆ ತಪ್ಪು ಮಾಡಿದರೇನಾಯಿತು?

ಆಕ್ಷೇಪ ಸರಿಯಾದದ್ದೇ. ತಪ್ಪು ಮಾಡಿದವರೆಲ್ಲ ಸೋಲುವುದಿಲ್ಲ. ಈ ಲೋಕದ ಲೆಕ್ಕ ಅಷ್ಟು ಸರಳವಲ್ಲ. ಕೈಯಿಂದ ಜಾರಿ ನೆಲದಲ್ಲಿ ಪುಟಿಯುವ ಚೆಂಡು ಯಾರಿಗೆ ಸಿಗುತ್ತದೆ ಎಂಬುದೂ ಬಹುಮಟ್ಟಿಗೆ ಅದೃಷ್ಟವೇ. ಸಂಗಡಿಗನಿಗೆ ಸಿಕ್ಕಿದರೆ ತಪ್ಪು ಮರೆತುಹೋಗುತ್ತದೆ, ಎದುರಾಳಿಗೆ ಸಿಕ್ಕಿದರೆ ಅದೇ ತಪ್ಪು ಮಹಾಪರಾಧವಾಗುತ್ತದೆ. ಆದರೆ ಹಿಡಿತ ಸಡಿಲವಿದ್ದದ್ದು ಎರಡೂ ಸಲ ಒಂದೇ ಅಲ್ಲವೇ? ಫಲ ನೋಡಿ ತಪ್ಪನ್ನು ಅಳೆಯುವವನು ಅದೃಷ್ಟವನ್ನು ತನ್ನ ಸದ್ಗುಣವೆಂದು ಭ್ರಮಿಸುತ್ತಾನೆ. ಶಿಕ್ಷೆಯಾಗದ ತಪ್ಪೇ ಮನುಷ್ಯನನ್ನು ಹೆಚ್ಚು ವಂಚಿಸುವುದು.

ಅದೇ ಸಿಯಾಟಲ್ ತಂಡ ಮರುವರ್ಷವೂ ಅಂತಿಮ ಪಂದ್ಯಕ್ಕೆ ಬಂದಿತು. 2015ರ ಫೆಬ್ರವರಿ 1ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಸಿಯಾಟಲ್ 24-28ರಿಂದ ಹಿಂದಿತ್ತು. ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ. ಗುರಿ ಕೇವಲ ಒಂದು ಗಜ ದೂರ. ಎಸೆದ ಚೆಂಡನ್ನು ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ನಡುವೆ ನುಗ್ಗಿ ಹಿಡಿದುಬಿಟ್ಟ. ಆಗಲೂ ಸಿಯಾಟಲ್‌ಗೆ ಸಣ್ಣ ಆಸೆ ಉಳಿದಿತ್ತು. ಪೇಟ್ರಿಯಟ್ಸ್ ತಂಡ ತನ್ನದೇ ಗೋಲು ಗೆರೆಯ ಅಂಚಿಗೆ ಒತ್ತಿಕೊಂಡಿತ್ತು. ಆದರೆ ಸಿಯಾಟಲ್ ಆಟಗಾರನೊಬ್ಬ ಆತುರಪಟ್ಟು ಮೊದಲೇ ನುಗ್ಗಿದ. ಎದುರಾಳಿಗೆ ಐದು ಗಜ ಉಸಿರಾಡಲು ಜಾಗ ಸಿಕ್ಕಿತು. ಮುಂದೆ ಇನ್ನೊಬ್ಬ ಜಗಳಕ್ಕಿಳಿದು ಮೈದಾನದಿಂದಲೇ ಹೊರದೂಡಲ್ಪಟ್ಟ. ಗೆಲ್ಲುವಾಗ ಕ್ಷಮಿಸಿಕೊಂಡು ಬಂದ ಆತುರ, ಕೋಪಗಳೆರಡೂ ಕೊನೆಯ ಘಳಿಗೆಯಲ್ಲಿ ಎದುರು ಬಂದು ನಿಂತವು.

ಬಟ್ಲರ್ ಆ ಚೆಂಡನ್ನು ಹಿಡಿದದ್ದು ಹೇಗೆ? ಪಂದ್ಯಕ್ಕೆ ಮೊದಲಿನ ಅಭ್ಯಾಸದಲ್ಲಿ ಅವರ ಸಂಗಡಿಗರು ಇದೇ ತಂತ್ರವನ್ನು ಆಡಿ ತೋರಿಸಿದ್ದರು. ಆಗ ಬಟ್ಲರ್ ಒಂದು ಹೆಜ್ಜೆ ತಡವಾಗಿ ಹೋಗಿ ಸೋತಿದ್ದ. ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್ ಆ ತಪ್ಪನ್ನು ಅಲ್ಲಿಯೇ ತೋರಿಸಿ, ಅಲ್ಲಿಗೆ ಬೇಗ ತಲುಪಬೇಕೆಂದು ತಿದ್ದಿದ್ದರು. ಪಂದ್ಯದಲ್ಲಿ ಎದುರಾಳಿಗಳು ನಿಂತ ರೀತಿ ನೋಡಿದೊಡನೆ ಆತನಿಗೆ ಅದು ನೆನಪಾಯಿತು. ಎರಡೂ ಕಡೆ ತಪ್ಪುಗಳಿದ್ದವು. ಒಂದು ಕಡೆ ತಪ್ಪು ತಿದ್ದಲ್ಪಟ್ಟಿತ್ತು, ಇನ್ನೊಂದು ಕಡೆ ಸಹಿಸಲ್ಪಟ್ಟಿತ್ತು. ವ್ಯತ್ಯಾಸ ಇಷ್ಟೇ.

ಕೊನೆಯದಾಗಿ, ತಿದ್ದುವವರ ಹೊಣೆಯ ಬಗ್ಗೆ ಒಂದು ಮಾತು. 2014ರ ಸೆಪ್ಟೆಂಬರ್ 29ರಂದು ಕನ್ಸಾಸ್ ಸಿಟಿ ಚೀಫ್ಸ್ ತಂಡದ ಹುಸೈನ್ ಅಬ್ದುಲ್ಲಾ ಎದುರಾಳಿಯ ಚೆಂಡನ್ನು ನಡುವೆ ಹಿಡಿದು 39 ಗಜ ಓಡಿ ಗುರಿ ಮುಟ್ಟಿದರು. ಇವರು ತಮ್ಮ ಸಹೋದರನೊಂದಿಗೆ ಹಜ್ಜ್ ನಿರ್ವಹಿಸಲಿಕ್ಕಾಗಿ 2012ರ ಋತುವನ್ನೇ ಬಿಟ್ಟುಕೊಟ್ಟವರು. ಗುರಿ ಮುಟ್ಟಿದೊಡನೆ ಮಂಡಿಯೂರಿ ಜಾರಿ, ಅಲ್ಲಿಯೇ ಸುಜೂದ್‌ಗೆರಗಿದರು. ತೀರ್ಪುಗಾರರು ಹಳದಿ ಬಟ್ಟೆ ಎಸೆದರು! ನೆಲಕ್ಕೆ ಬಿದ್ದು ಸಂಭ್ರಮಿಸಬಾರದು ಎಂಬ ಅಂದಿನ ನಿಯಮದಂತೆ ಹದಿನೈದು ಗಜ ದಂಡ. ಆದರೆ ಧಾರ್ಮಿಕ ಕಾರಣಕ್ಕಾಗಿ ನೆಲಕ್ಕೆರಗಿದವನನ್ನು ದಂಡಿಸುವಂತಿರಲಿಲ್ಲ. ಮರುದಿನವೇ ಆಟದ ಆಡಳಿತ ಮಂಡಳಿಯು ದಂಡ ವಿಧಿಸಿದ್ದು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅಬ್ದುಲ್ಲಾ ಅವರಾದರೋ ಕಿರುಚಾಡಲಿಲ್ಲ. ತಾನು ಮಂಡಿಯಲ್ಲಿ ಜಾರಿದ್ದೇ ಕಾರಣವಿರಬಹುದೆಂದು ಹೇಳಿ ತನ್ನ ಕಡೆಯನ್ನೇ ಮೊದಲು ಪರಿಶೀಲಿಸಿದರು.

ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಪೆನಾಲ್ಟಿಯೇ. ಹೊರಗಿನಿಂದ ನೋಡುವವನಿಗೆ ಕೃತ್ಯ ಮಾತ್ರ ಕಾಣುತ್ತದೆ, ಅದರ ಹಿಂದಿನದು ಕಾಣುವುದಿಲ್ಲ. ಆದ್ದರಿಂದಲೇ ಇತರರ ತಪ್ಪನ್ನು ಎಣಿಸುವವನು ತನ್ನ ಎಣಿಕೆಯನ್ನೂ ಆಗಾಗ ಪರೀಕ್ಷಿಸಬೇಕು; ತಪ್ಪಿದ್ದರೆ ಅಬ್ದುಲ್ಲಾ ಪ್ರಕರಣದಲ್ಲಿ ಆದಂತೆ ಬಹಿರಂಗವಾಗಿ ಒಪ್ಪಿಕೊಳ್ಳುವ ಧೈರ್ಯ ತೋರಬೇಕು.

ಪ್ರಿಯ ಓದುಗರೇ, ನಿಮ್ಮಲ್ಲಿಯೋ ನಿಮ್ಮ ಮನೆಯವರಲ್ಲಿಯೋ ಮರುಕಳಿಸುವ ಒಂದು ತಪ್ಪನ್ನು ನೆನಪಿಸಿಕೊಳ್ಳಿರಿ. ಅದಕ್ಕಾಗಿ ಎಷ್ಟು ಸಲ ಬೈದಿದ್ದೀರಿ ಎಂದು ಎಣಿಸಬೇಡಿರಿ. ಅದು ಆಗುವುದಕ್ಕೆ ಒಂದು ಹೆಜ್ಜೆ ಮೊದಲು ಏನಾಗುತ್ತದೆ ಎಂದು ನೋಡಿರಿ. ಅದು ಆತುರವೋ, ಬಲಹೀನತೆಯೋ, ಕೋಪವೋ ಎಂದು ಬೇರ್ಪಡಿಸಿರಿ. ಏನೂ ನಷ್ಟವಾಗದ ದಿನದಲ್ಲೂ ಅದನ್ನು ತಪ್ಪೆಂದೇ ಬರೆದುಕೊಳ್ಳಿರಿ. ಬಳಿಕ ಆ ಒಂದು ಹೆಜ್ಜೆಯನ್ನು ಸರಿಪಡಿಸುವ ಅಭ್ಯಾಸವನ್ನು ಇಂದೇ, ಯಾರೂ ನೋಡದಿರುವಾಗಲೇ ಆರಂಭಿಸಿರಿ. ಪರೀಕ್ಷೆಯ ಘಳಿಗೆ ಬಂದಾಗ ಮನುಷ್ಯನ ಕೈ ಅವನ ಸಂಕಲ್ಪದ ಮಾತನ್ನು ಕೇಳುವುದಿಲ್ಲ, ಅಭ್ಯಾಸದ ಮಾತನ್ನು ಕೇಳುತ್ತದೆ.