ಅಟ್ಟದ ಮೇಲಿನ ಆಲ್ಬಂ ಕೆಳಗಿಳಿಯಲಿ

ಅಂಚೆಚೀಟಿ ಕೂಡಿಡಬೇಕೆಂದು ಸಂಕಲ್ಪ ಮಾಡಿ ಯಾರೂ ಈ ಹವ್ಯಾಸಕ್ಕೆ ಇಳಿಯುವುದಿಲ್ಲ. ಅದು ತಾನಾಗಿ ಹತ್ತಿಕೊಳ್ಳುತ್ತದೆ. ದುಬೈಯಲ್ಲಿರುವ ಚಿಕ್ಕಪ್ಪನ ಕಾಗದ ಬಂದಿದೆ. ದೊಡ್ಡವರೆಲ್ಲ ಒಳಗಿನ ಸುದ್ದಿ ಓದುವುದರಲ್ಲಿ ಮುಳುಗಿದ್ದಾರೆ. ಎಂಟು-ಹತ್ತು ವರ್ಷದ ಮಗುವೊಂದು ಲಕೋಟೆಯ ಬಲಮೂಲೆಯನ್ನೇ ನೋಡುತ್ತ ನಿಂತಿದೆ. ಅದರ ಕೈಗೆ ಕತ್ತರಿ ಸಿಕ್ಕಿತೆಂದರೆ ಸಂಗ್ರಹ ಶುರುವಾಯಿತು ಎಂದೇ ಲೆಕ್ಕ. ಮೊಬೈಲ್ ಬರುವ ಮುಂಚೆ ಶಾಲೆಗೆ ಹೋದವರಲ್ಲಿ ಎಷ್ಟೋ ಜನ ಈ ದಾರಿಯಲ್ಲಿ ಸ್ವಲ್ಪ ದೂರವಾದರೂ ನಡೆದವರೇ. ಹಳೆಯ ನೋಟ್‌ಬುಕ್ಕಿನ ಹಾಳೆಗೆ ಅನ್ನದ ಅಗುಳಿನಿಂದ ಅಂಟಿಸಿದ ಚೀಟಿಗಳು, ಊಟದ ಬಿಡುವಿನಲ್ಲಿ ಅದಲುಬದಲು, ‘ಎರಡು ರಷ್ಯಾ ಕೊಟ್ಟರೆ ಒಂದು ಜಪಾನ್’ ಎಂಬ ಚೌಕಾಸಿ. ‘ಮಗ್ಯಾರ್ ಪೋಸ್ಟಾ’ ಎಂದರೆ ಹಂಗೇರಿ, ‘ಹೆಲ್ವೇಶಿಯಾ’ ಎಂದರೆ ಸ್ವಿಟ್ಜರ್ಲೆಂಡ್, ‘ಸುವೋಮಿ’ ಎಂದರೆ ಫಿನ್‌ಲೆಂಡ್ ಎಂಬುದನ್ನು ಭೂಗೋಳದ ಮೇಷ್ಟ್ರಿಗಿಂತ ಮೊದಲು ಚೀಟಿಗಳೇ ಹೇಳಿಕೊಟ್ಟವು. ದೇಶದ ಹೆಸರೇ ಇಲ್ಲದೆ ರಾಣಿಯ ತಲೆ ಮಾತ್ರ ಇದ್ದರೆ ಅದು ಬ್ರಿಟನ್ನಿನದು. 1840ರ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಹೊರಡಿಸಿದ ಆ ದೇಶ ಇವತ್ತಿಗೂ ತನ್ನ ಚೀಟಿಯ ಮೇಲೆ ಹೆಸರು ಹಾಕಿಕೊಳ್ಳುವುದಿಲ್ಲ.

ಆಮೇಲೆ ಎಸ್ಸೆಸ್ಸೆಲ್ಸಿ ಬರುತ್ತದೆ. ಪಿಯುಸಿಗೆ ಊರು ಬಿಡಬೇಕಾಗುತ್ತದೆ. ಅದಲುಬದಲು ಮಾಡುತ್ತಿದ್ದ ಗೆಳೆಯನ ಅಪ್ಪನಿಗೆ ವರ್ಗವಾಗುತ್ತದೆ. ಆಲ್ಬಂ ಟ್ರಂಕಿಗೆ, ಟ್ರಂಕು ಅಟ್ಟಕ್ಕೆ. ಹವ್ಯಾಸ ಬಿಟ್ಟೆ ಎಂದು ಯಾರೂ ಹೇಳುವುದಿಲ್ಲ. ಹೇಗೆ ಬಂತೋ ಹಾಗೇ ಹೋಗಿರುತ್ತದೆ. ಓದಿನ ಒತ್ತಡ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ನಾವು ಆ ವಯಸ್ಸಿನಲ್ಲಿ ಇಡೀ ಪ್ರಪಂಚವನ್ನು ಸಂಗ್ರಹಿಸಲು ಹೊರಟಿದ್ದೆವು ಎಂಬುದು ಉಳಿದರ್ಧ. ಎಷ್ಟು ದೇಶ, ಎಷ್ಟು ಚೀಟಿ ಎಂಬ ಎಣಿಕೆಯೇ ಗುರಿಯಾದ ಮೇಲೆ ಪ್ರತಿಯೊಂದು ಹೊಸ ಚೀಟಿಯೂ ಒಂದು ಸಂಖ್ಯೆ ಮಾತ್ರ. ಅದನ್ನು ಯಾರೂ ನೋಡುವುದಿಲ್ಲ, ಎಣಿಸುತ್ತಾರೆ. ಎಣಿಕೆಯ ಹುಮ್ಮಸ್ಸು ಬಹಳ ಕಾಲ ಬಾಳುವಂಥದಲ್ಲ. ಓಡಿದ ಕಿಲೋಮೀಟರು, ಓದಿದ ಪುಸ್ತಕಗಳ ಪಟ್ಟಿ, ಮಾಡಿದ ತೀರ್ಥಯಾತ್ರೆ, ಯಾವುದನ್ನೇ ಆಗಲಿ ಬರೀ ಲೆಕ್ಕಕ್ಕಾಗಿ ಮಾಡುವವರು ಮಧ್ಯದಲ್ಲೇ ಕೈಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ನಲವತ್ತು ದಾಟಿದ ಮೇಲೆ ಆಲ್ಬಂ ಮತ್ತೆ ಕೈಗೆ ಬರುತ್ತದೆ. ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ, ಅಪ್ಪ-ಅಮ್ಮ ಹೋದ ಮೇಲೆ ಹಳೆಯ ಮನೆ ಖಾಲಿ ಮಾಡುವಾಗ, ಅಥವಾ ನಿವೃತ್ತಿಯ ಮೊದಲ ಬೇಸಿಗೆಯಲ್ಲಿ. ಧೂಳು ಒರೆಸಿ ಪುಟ ತಿರುಗಿಸಿದಾಗ ಮನಸ್ಸು ಅರಳುತ್ತದೆ. ಆದರೆ ಅಲ್ಲೇ ಕುಳಿತವರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ‘ಇದಕ್ಕೆ ಈಗ ಎಷ್ಟು ಬೆಲೆ ಬರಬಹುದು?’ ಮರಳಿ ಬಂದ ಹವ್ಯಾಸವನ್ನು ಹೊಸಿಲಲ್ಲೇ ತಡೆದು ನಿಲ್ಲಿಸುವ ಪ್ರಶ್ನೆ ಇದು.

ಈ ಆಸೆಗೆ ಬೇರು ಇಲ್ಲದಿಲ್ಲ. 1873ರಲ್ಲಿ ಬ್ರಿಟಿಷ್ ಗಯಾನಾದಲ್ಲಿ ವರ್ನನ್ ವಾನ್ ಎಂಬ ಹನ್ನೆರಡು ವರ್ಷದ ಹುಡುಗ ಮನೆಯ ಹಳೆಯ ಕಾಗದಗಳ ನಡುವೆ 1856ರ ಒಂದು ಸೆಂಟಿನ ಚೀಟಿ ಕಂಡ. ತನ್ನ ಬಳಿ ಇದ್ದವುಗಳಲ್ಲಿ ಅದು ಚೆನ್ನಾಗಿಲ್ಲ ಎನಿಸಿ ಆರು ಶಿಲ್ಲಿಂಗಿಗೆ ಮಾರಿಬಿಟ್ಟ. ಆ ‘ಒನ್ ಸೆಂಟ್ ಮೆಜೆಂಟಾ’ 2014ರ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು. ಈ ಕಥೆ ಕೇಳಿದವರಿಗೆಲ್ಲ ತಮ್ಮ ಅಟ್ಟದ ಮೇಲೂ ಅಂಥದೊಂದು ಇರಬಹುದು ಎನಿಸುತ್ತದೆ. ಆದರೆ ಆ ಚೀಟಿ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು. ಇನ್ನೊಂದೆಡೆ ಜಗತ್ತಿನ ಮೊದಲನೆಯ ಚೀಟಿ ಪೆನ್ನಿ ಬ್ಲ್ಯಾಕ್ ಅಚ್ಚಾದದ್ದು 6.8 ಕೋಟಿಗೂ ಹೆಚ್ಚು. ಅಷ್ಟು ಹಳೆಯದಾದರೂ ಅದು ಅಪರೂಪದ ವಸ್ತುವಲ್ಲ. ನಮ್ಮ ಬಾಲ್ಯದ ಬಣ್ಣಬಣ್ಣದ ತ್ರಿಕೋನ ಚೀಟಿಗಳಲ್ಲಿ ಎಷ್ಟೋ ಸಂಗ್ರಾಹಕರಿಗೆ ಮಾರಲೆಂದೇ ಮುದ್ರಿಸಿ, ಅಲ್ಲೇ ಠಸ್ಸೆ ಒತ್ತಿ ಕಳಿಸಿದವು. ಅವುಗಳಿಂದ ಮನೆ ಕಟ್ಟಲಾಗದು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಜವಾದ ಸುಖಕ್ಕೆ ದಾರಿ ಬಿಚ್ಚಿಕೊಳ್ಳುತ್ತದೆ.

ಮರಳಿ ಬಂದವರು ಮಾಡುವ ಇನ್ನೊಂದು ಅವಸರದ ಕೆಲಸವೆಂದರೆ ಖರೀದಿ. ಈಗ ಸಂಬಳವಿದೆ, ಆಗ ಸಿಗದಿದ್ದದ್ದೆಲ್ಲ ಒಂದೇ ರಾತ್ರಿಯಲ್ಲಿ ಮೊಬೈಲಿನಲ್ಲೇ ತರಿಸಿಕೊಳ್ಳಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಕೆಲವು ವಾರ ಏನನ್ನೂ ಕೊಳ್ಳದೆ, ಇರುವ ಆಲ್ಬಮ್ಮನ್ನೇ ಮುಂದಿಟ್ಟುಕೊಂಡು ಕೂತು ನೋಡಿ. ಯಾವ ಪುಟದ ಬಳಿ ಕೈ ತಾನಾಗಿ ನಿಲ್ಲುತ್ತದೆ? ಹಕ್ಕಿಗಳ ಬಳಿಯೋ, ರೈಲುಗಳ ಬಳಿಯೋ, ಗಾಂಧೀಜಿಯ ಬಳಿಯೋ? ಅಲ್ಲೊಂದು ಗೆರೆ ಎಳೆದುಕೊಳ್ಳಿ. ಹವ್ಯಾಸಕ್ಕೆ ಎಲ್ಲೆ ಗೊತ್ತಾದ ಮೇಲೆಯೇ ಅದಕ್ಕೆ ಆಳ ಬರುವುದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ.

ಉದಾಹರಣೆಗೆ ‘ಚೀಟಿಯಲ್ಲಿ ಕರ್ನಾಟಕ’ ಎಂಬುದನ್ನೇ ತೆಗೆದುಕೊಳ್ಳಿ. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ 1947ರ ನವೆಂಬರ್ 21ರಂದು ಬಂತು; ಮೂರೂವರೆ ಆಣೆ, ಮೇಲೆ ತ್ರಿವರ್ಣ ಧ್ವಜ. ಎರಡು ವರ್ಷದೊಳಗೆ, 1949ರ ಆಗಸ್ಟ್ 15ರಂದು, ನಮ್ಮ ಪ್ರಾಚೀನ ಶಿಲ್ಪ-ಸ್ಮಾರಕಗಳ ಸರಣಿ ಹೊರಟಿತು. ಅದರ ಆರಾಣೆ ಚೀಟಿಯ ಮೇಲೆ ಬಿಜಾಪುರದ ಗೋಳಗುಮ್ಮಟವಿದೆ. ಅಂದರೆ ಕರ್ನಾಟಕದ ಏಕೀಕರಣಕ್ಕೆ ಇನ್ನೂ ಏಳು ವರ್ಷವಿರುವಾಗಲೇ ನಮ್ಮ ಗುಮ್ಮಟ ದೇಶದ ಮೂಲೆಮೂಲೆಗೆ ಲಕೋಟೆ ಏರಿ ಹೋಗಿತ್ತು. 1960ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಶತಮಾನದ ಚೀಟಿ ಬಂತು. ಆಗ ಅವರು ಬದುಕಿದ್ದರು! ಬದುಕಿರುವಾಗಲೇ ಈ ಗೌರವ ಕಂಡ ಭಾರತೀಯರು ಬೆರಳೆಣಿಕೆಯಷ್ಟು. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವಣ್ಣ, 1974ರಲ್ಲಿ ಟಿಪ್ಪು, 1977ರಲ್ಲಿ ಕಿತ್ತೂರು ಚೆನ್ನಮ್ಮ. 1981ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಶ್ರವಣಬೆಳಗೊಳದ ಗೊಮ್ಮಟ, 2009ರಲ್ಲಿ ಡಾ. ರಾಜ್‌ಕುಮಾರ್. 2006ರಲ್ಲಿ ಬಂದ ದೇಶದ ಮೊದಲ ಪರಿಮಳದ ಚೀಟಿಗೆ ಆರಿಸಿದ್ದು ಶ್ರೀಗಂಧವನ್ನು. 2017ರಲ್ಲಿ ಕಾಫಿಯ ಘಮದ್ದೂ ಒಂದು ಬಂತು, ನೂರು ರೂಪಾಯಿಯದು. ಇಷ್ಟೇ ವಿಷಯ ಹಿಡಿದು ಹೊರಟರೂ ಓದಲು, ಹುಡುಕಲು ವರ್ಷಗಳೇ ಬೇಕು. ಒಂದೊಂದು ಚೀಟಿಯೂ ಗ್ರಂಥಾಲಯಕ್ಕೆ ಕಳಿಸುತ್ತದೆ: ಬಸವಣ್ಣನ ಚೀಟಿ 1967ರಲ್ಲೇ ಯಾಕೆ ಬಂತು? ಚಿತ್ರ ಬರೆದವರು ಯಾರು? ಇಲಾಖೆ ಅದರ ಜೊತೆ ಹೊರಡಿಸಿದ ಮಾಹಿತಿ ಪತ್ರದಲ್ಲಿ ಏನಿದೆ? ವಾರಕ್ಕೊಂದು ಚೀಟಿ ಎದುರಿಗಿಟ್ಟುಕೊಂಡು ನಾಲ್ಕು ಸಾಲು ಬರೆದಿಡುವವರ ಆಲ್ಬಂ ಮತ್ತೆ ಅಟ್ಟ ಹತ್ತಿದ್ದನ್ನು ನಾನು ಕಂಡಿಲ್ಲ.

ಇನ್ನು ಕೈಕೆಲಸ. ಲಕೋಟೆಯಿಂದ ಚೀಟಿ ಬಿಡಿಸುವ ಕೆಲಸ ತಾಳ್ಮೆಯನ್ನು ಕಲಿಸುವಷ್ಟು ಚೆನ್ನಾಗಿ ಬೇರೆ ಯಾವ ಉಪದೇಶವೂ ಕಲಿಸಲಾರದು. ಚೀಟಿಯ ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿಕೊಳ್ಳಬೇಕು. ಅಗಲವಾದ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು. ಅದರಲ್ಲಿ ಚೀಟಿ ಮೇಲ್ಮುಖವಾಗಿ ತೇಲಬೇಕು. ಕೆಂಪು, ನೀಲಿ ಲಕೋಟೆಯ ಚೂರುಗಳನ್ನು ಬೇರೆ ಬಟ್ಟಲಿಗೆ ಹಾಕಬೇಕು, ಇಲ್ಲದಿದ್ದರೆ ಅವುಗಳ ಬಣ್ಣ ಬಿಟ್ಟು ಎಲ್ಲವನ್ನೂ ಕೆಡಿಸುತ್ತದೆ. ಆಮೇಲೆ ಸುಮ್ಮನಿರಬೇಕು. ಹದಿನೈದು-ಇಪ್ಪತ್ತು ನಿಮಿಷಕ್ಕೆ ಅಂಟು ನೆನೆದು, ಚೀಟಿಯೇ ಕಾಗದದಿಂದ ಜಾರಿ ಪಕ್ಕಕ್ಕೆ ಸರಿಯುತ್ತದೆ. ಸರಿಯದಿದ್ದರೆ ಇನ್ನೂ ಕಾಯಬೇಕು. ಉಗುರು ಹಾಕಿ ಎಬ್ಬಿಸಿದರೆ ಹಿಂಬದಿ ಸಿಪ್ಪೆಯೆದ್ದು ತೆಳುವಾಗುತ್ತದೆ, ಆ ಗಾಯ ಎಂದೂ ಮಾಯುವುದಿಲ್ಲ. ಬಿಟ್ಟುಬಂದ ಚೀಟಿಯ ಬೆನ್ನಿನ ಜಿಗುಟನ್ನು ಬೆರಳ ತುದಿಯಿಂದ ಮೆಲ್ಲಗೆ ತೊಳೆದು, ಬಿಳಿ ಬಟ್ಟೆಯ ಮೇಲೆ ಮುಖ ಕೆಳಗಾಗಿ ಹಾಕಬೇಕು. ಪತ್ರಿಕೆಯ ಹಾಳೆ ಬೇಡ, ಅದರ ಶಾಯಿ ಹತ್ತಿಕೊಳ್ಳುತ್ತದೆ. ಅರೆ ಒಣಗಿದಾಗ ದಪ್ಪ ಪುಸ್ತಕದೊಳಗೆ ಇಟ್ಟರೆ ಮರುದಿನ ಸಪಾಟಾಗಿ ಸಿಗುತ್ತದೆ. ಹಿಂದಿನ ಪದರ ಸುಲಿದು ಅಂಟಿಸುವ ಹೊಸ ಬಗೆಯ ಸ್ಟಿಕ್ಕರ್ ಚೀಟಿಗಳಿಗೆ ಈ ಸ್ನಾನ ಒಗ್ಗುವುದಿಲ್ಲ. ಅವನ್ನು ಕಾಗದದ ಸಮೇತ ಇಟ್ಟುಕೊಳ್ಳುವುದೇ ಮೇಲು.

ಫೆವಿಕಾಲ್, ಸೆಲ್ಲೋಟೇಪು, ಲ್ಯಾಮಿನೇಷನ್ ಈ ಮೂರನ್ನೂ ದೂರವಿಡಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಶತ್ರು: ತೇವಕ್ಕೆ, ಬೆನ್ನಿಗೆ ಅಂಟು ಇರುವ ಹೊಸ ಚೀಟಿಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಹಲ್ಲುಗಳ ಅಂಚಿನಲ್ಲಿ ಕಂದು ಚುಕ್ಕೆ ಏಳುತ್ತದೆ. ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿಡಿ. ಮಳೆ ಹೊಳವಾದ ದಿನ ತೆರೆದು ಗಾಳಿಯಾಡಿಸಿ, ಬಿಸಿಲಿಗೆ ಮಾತ್ರ ಒಡ್ಡಬೇಡಿ. ಚಿಮಟದಲ್ಲಿ ಹಿಡಿಯುವ ರೂಢಿ ಮಾಡಿಕೊಂಡರೆ ಕೈಬೆವರು ತಾಗುವುದಿಲ್ಲ.

ಎಲ್ಲ ಚೀಟಿಯನ್ನೂ ಬಿಡಿಸಲೇಬೇಕೆಂದಿಲ್ಲ ಎಂಬುದು ತಡವಾಗಿ ತಿಳಿಯುವ ವಿಷಯ. ನನಗಂತೂ ಚೀಟಿಗಿಂತ ಅದರ ಮೇಲೆ ಬಿದ್ದ ಠಸ್ಸೆಯೇ ಹೆಚ್ಚು ಪ್ರಿಯ. ನಮ್ಮ ಹಳೆಯ ಮನೆಗಳಲ್ಲಿ ಬಂದ ಕಾಗದಗಳನ್ನೆಲ್ಲ ಕೊಕ್ಕೆಯ ತಂತಿಗೆ ಚುಚ್ಚಿಡುತ್ತಿದ್ದರು. ಅಂಥದೊಂದು ತಂತಿ ನಿಮ್ಮ ಊರಿನ ಮನೆಯ ಮೂಲೆಯಲ್ಲಿ ಇನ್ನೂ ತೂಗುತ್ತಿದ್ದರೆ ಅದರಿಂದ ಒಂದು ಕಾರ್ಡು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ಹೊರಟ ಊರಿನ ದುಂಡು ಮೊಹರು, ಬಂದು ಮುಟ್ಟಿದ ಊರಿನ ಮೊಹರು, ಎರಡರ ನಡುವಿನ ದಿನಗಳು, ಈಗ ಮುಚ್ಚಿಹೋಗಿರುವ ಯಾವುದೋ ಅಂಚೆ ಕಚೇರಿಯ ಹೆಸರು ಎಲ್ಲವೂ ಅಲ್ಲಿವೆ. ಅಂಥ ಕಾಗದದಿಂದ ಚೀಟಿಯನ್ನು ಕತ್ತರಿಸುವುದೆಂದರೆ ಒಂದು ದಾಖಲೆಯನ್ನೇ ಹರಿದಂತೆ. ಇಡಿಯಾಗಿ ಇರಲಿ ಬಿಡಿ. ನಿಮ್ಮ ತಾಲ್ಲೂಕಿನ ಠಸ್ಸೆಗಳನ್ನಷ್ಟೇ ಕೂಡಿಸಿದರೂ ಅದು ನಾಳೆ ಊರಿನ ಚರಿತ್ರೆ ಬರೆಯುವವರಿಗೆ ಉಪಯೋಗಕ್ಕೆ ಬರುತ್ತದೆ.

ಬದುಕಿನ ಭಾರದ ನಡುವೆ ಇದಕ್ಕೆಲ್ಲ ಸಮಯವೆಲ್ಲಿ ಎನ್ನುವವರಿಗೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ನೆನಪಾಗಬೇಕು. ಬಾಲ್ಯದಲ್ಲಿ ತಾಯಿಯಿಂದ ಬಂದ ಸಂಗ್ರಹ ಅವರದು. 1921ರಲ್ಲಿ ಕಾಯಿಲೆಯಿಂದ ಕಾಲುಗಳ ಶಕ್ತಿ ಉಡುಗಿದಾಗ ಆಲ್ಬಂ ಜೊತೆಗಿತ್ತು. ಅಮೆರಿಕದ ಅಧ್ಯಕ್ಷರಾಗಿ ಮಹಾಯುದ್ಧ ನಡೆಸುವಾಗಲೂ ಅದಕ್ಕೆಂದು ಹೊತ್ತು ತೆಗೆದಿಡುತ್ತಿದ್ದರು. ಹೊಸ ಚೀಟಿಗಳ ವಿನ್ಯಾಸಕ್ಕೆ ತಾವೇ ಗೆರೆ ಎಳೆದುಕೊಟ್ಟದ್ದೂ ಉಂಟು. ಭಾನುವಾರದ ಅರ್ಧ ಗಂಟೆ ನಮಗೂ ಸಿಕ್ಕೀತು. ಆ ಅರ್ಧ ಗಂಟೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಜೊತೆಗಾರರೂ ಬೇಕು. ಚಿಕ್ಕಂದಿನಲ್ಲಿ ಹವ್ಯಾಸವನ್ನು ಉಳಿಸಿದ್ದು ಪಕ್ಕದ ಬೆಂಚಿನ ಗೆಳೆಯ, ಈಗಲೂ ಹಾಗೆಯೇ. ಬೆಂಗಳೂರಿನಲ್ಲಿ 1975ರಿಂದ ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಇದೆ. ಅಂಚೆ ಇಲಾಖೆಯ ರಾಜ್ಯಮಟ್ಟದ ಪ್ರದರ್ಶನ ‘ಕರ್ನಾಪೆಕ್ಸ್’ ನಡೆದಾಗ ತಪ್ಪದೆ ಹೋಗಿ ಬನ್ನಿ. ಚೌಕಟ್ಟುಗಳ ಮುಂದೆ ನಿಂತ ಹಿರಿಯರನ್ನು ಮಾತಾಡಿಸಿದರೆ ಪುಸ್ತಕದಲ್ಲಿ ಸಿಗದ್ದನ್ನು ಹೇಳಿಕೊಡುತ್ತಾರೆ. ಫಿಲಾಟೆಲಿಕ್ ಬ್ಯೂರೋ ಇರುವ ಅಂಚೆ ಕಚೇರಿಯಲ್ಲಿ 200 ರೂಪಾಯಿ ಕಟ್ಟಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ 2017ರಲ್ಲಿ ಶುರುವಾದ ‘ಸ್ಪರ್ಶ್’ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವೂ ಇದೆ. ಆದರೆ ವಿದ್ಯಾರ್ಥಿವೇತನಕ್ಕಾಗಿ ಮಗುವನ್ನು ಇದಕ್ಕೆ ದೂಡಬೇಡಿ. ನಿಮ್ಮ ತುಂಬಿದ ಆಲ್ಬಮ್ಮನ್ನು ಅದರ ಕೈಗಿತ್ತು ‘ಜೋಪಾನ’ ಎನ್ನುವುದೂ ಬೇಡ. ಒಂದು ಬಟ್ಟಲು ನೀರು, ನಾಲ್ಕು ಹಳೆಯ ಲಕೋಟೆ, ಖಾಲಿ ಪುಸ್ತಕ ಕೊಡಿ. ಪಕ್ಕದಲ್ಲಿ ಕೂತು ನಿಮ್ಮದನ್ನು ನೀವು ಮಾಡಿಕೊಳ್ಳಿ. ಹತ್ತಿಕೊಂಡರೆ ಹತ್ತಿಕೊಂಡೀತು.

ಈಗ ಅಂಚೆ ಕಚೇರಿಯ ಕೌಂಟರಿನಲ್ಲಿ ಬಹುಪಾಲು ಲಕೋಟೆಗಳಿಗೆ ಯಂತ್ರದಿಂದ ಬಂದ ಬಾರ್‌ಕೋಡಿನ ಪಟ್ಟಿ ಅಂಟಿಸುತ್ತಾರೆ. ಮಕ್ಕಳ ಕಣ್ಣಿಗೆ ಚೀಟಿ ಬೀಳದೇ ಹೋಗಲು ಇದೂ ಒಂದು ಕಾರಣ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ತಿಂಗಳು ನಿಮಗೆ ಪ್ರಿಯರಾದ ಒಬ್ಬರಿಗೆ, ಅವರ ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಒಳ್ಳೆಯದು, ಕೈಯಿಂದ ಒಂದು ಕಾಗದ ಬರೆಯಿರಿ. ಕೌಂಟರಿನಲ್ಲಿ ‘ಹೊಸದಾಗಿ ಬಂದಿರುವ ಚಿತ್ರದ ಸ್ಟಾಂಪು ಇದ್ದರೆ ಕೊಡಿ’ ಎಂದು ಕೇಳಿ ತೆಗೆದುಕೊಂಡು, ನೆಟ್ಟಗೆ ಅಂಟಿಸಿ, ಠಸ್ಸೆ ಸ್ಫುಟವಾಗಿ ಬೀಳುವಂತೆ ಒತ್ತಲು ಹೇಳಿ ಕಳಿಸಿ.